ಪಿಕಪ್ಪಿನ ಮಡಿ

“ಪಿಕಪ್ಪಿಗೆ ಪಿಕಪ್ಪೇ ಇಲ್ಲ ಮಾರಾಯ್ರೆ” ಎಂದರು ನಮ್ಮ ಮೇಸ್ತ್ರಿ. ನಾನು ನಕ್ಕೆ, ಅವರು ನಗಲಿಲ್ಲ. ನಮ್ಮಂಥವರಿಗೆ ಶ್ಲೇಷೆ ಅನ್ನಿಸಿದ್ದು ಗ್ಯಾರೇಜಿನವರಿಗೆ ಬರೀ ಕಾಯಿಲೆಯ ಹೆಸರು. ಆಕ್ಸಿಲರೇಟರನ್ನು ನೆಲಕ್ಕೆ ಹತ್ತುವಷ್ಟು ಒತ್ತಿದರೂ ಗಾಡಿ, ಮದುವೆಯಾಗಿ ಮೂವತ್ತು ವರ್ಷ ಕಳೆದ ಗಂಡಸಿನ ಹಾಗೆ, “ಹೂಂ” ಅನ್ನುತ್ತದೆ, ಏಳುವುದಿಲ್ಲ. ಈ ಹೋಲಿಕೆ ನನ್ನದಲ್ಲ, ನನ್ನ ಮನೆಯವಳದ್ದು.

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯ ಆಚೀಚೆಯ ಊರುಗಳಲ್ಲಿ ಪಿಕಪ್ಪು ಇಲ್ಲದೆ ಹುಲ್ಲುಕಡ್ಡಿಯೂ ಅಲ್ಲಾಡುವುದಿಲ್ಲ. ಸೊಪ್ಪು, ಗೊಬ್ಬರ, ಅಡಿಕೆಗೊನೆ, ಸುಲಿದ ಅಡಿಕೆಯ ಮೂಟೆ, ಮದುವೆಮನೆಯ ಕೊಪ್ಪರಿಗೆ, ಯಕ್ಷಗಾನ ಮೇಳದ ವೇಷದ ಪೆಟ್ಟಿಗೆ, ಗಣಪತಿ, ಗಣಪತಿಯ ಹಿಂದೆ ಜನರೇಟರು, ಆಸ್ಪತ್ರೆಗೆ ಹೋಗಬೇಕಾದ ಹಸು, ಎಲ್ಲವೂ ಅದರಲ್ಲೇ. ನನ್ನದು ಒಂದು ಬೆಳಿಗ್ಗೆ ಸಗಣಿ ಗೊಬ್ಬರ ಹೊತ್ತು, ಮಧ್ಯಾಹ್ನ ತೊಳೆಸಿಕೊಂಡು, ಸಂಜೆ ದೇವರ ಪಲ್ಲಕ್ಕಿಯನ್ನು ಹೊತ್ತದ್ದಿದೆ. ಯಾರೂ ಆಕ್ಷೇಪಿಸಲಿಲ್ಲ, ದೇವರೂ ಸಹ.

ಈಗಿನದು ನನ್ನ ಎರಡನೆಯ ಪಿಕಪ್ಪು. ಮೊದಲನೆಯದು ಕಲ್ಲು ತಿಂದು ಕಲ್ಲು ಅರಗಿಸುವ ಕಾಲದ್ದು. ಡೀಸೆಲ್ ಎಂದು ಕರೆಸಿಕೊಂಡ ಏನನ್ನು ಕೊಟ್ಟರೂ ಕುಡಿಯುತ್ತಿತ್ತು. ಬ್ಯಾರಲ್ಲಿನ ತಳದಲ್ಲಿ ಉಳಿದದ್ದು, ಪಕ್ಕದ ಮನೆಯ ಟಿಲ್ಲರಿನಿಂದ ಕಡ ತಂದದ್ದು, ಹೆಗಲ ಮೇಲಿನ ಟವೆಲ್ಲಿನಲ್ಲಿ ಸೋಸಿದ್ದು, ಸೋಸದೇ ಇದ್ದದ್ದು. ಟ್ಯಾಂಕಿನಿಂದ ಡೀಸೆಲ್ ತೆಗೆಯುವುದಾದರೆ ಪೈಪು ಇಳಿಬಿಟ್ಟು ಬಾಯಲ್ಲಿ ಎಳೆಯುತ್ತಿದ್ದೆವು. ಆ ವಿದ್ಯೆಗೆ ಗುರುದಕ್ಷಿಣೆಯಾಗಿ ಒಂದು ಗುಟುಕು ಒಳಗೆ ಹೋಗಲೇಬೇಕು. ಆಮೇಲೆ ಎರಡು ದಿನ ತೇಗಿದಾಗೆಲ್ಲ ಬಂಕು ನೆನಪಾಗುತ್ತದೆ. (ನೀವು ಮಾತ್ರ ಮಾಡಬೇಡಿ. ಹೊಟ್ಟೆಗೆ ಹೋದದ್ದಕ್ಕಿಂತ ಕೆಮ್ಮಿ ಶ್ವಾಸಕೋಶಕ್ಕೆ ಇಳಿದ ಡೀಸೆಲ್ ದೊಡ್ಡ ಅಪಾಯ.) ಟ್ಯಾಂಕು ಜಿನುಗಿದರೆ ಬಟ್ಟೆ ಒಗೆಯುವ ಬಾರ್ ಸೋಪನ್ನು ತೂತಿಗೆ ತಿಕ್ಕಿದರಾಯಿತು. ನೀರಿಗೆ ಕರಗುವ ಸೋಪು ಡೀಸೆಲ್ಲಿಗೆ ಕರಗುವುದಿಲ್ಲ ಎನ್ನುವ ರಸಾಯನಶಾಸ್ತ್ರವನ್ನು ನನಗೆ ಕಲಿಸಿದ್ದು ಹೈಸ್ಕೂಲಲ್ಲ, ಕೊಪ್ಪದ ರಸ್ತೆಯಲ್ಲಿ ಸಿಕ್ಕ ಒಬ್ಬ ಲಾರಿ ಕ್ಲೀನರ್.

ಆ ಗಾಡಿಯಲ್ಲಿ ಡೀಸೆಲ್ ಖಾಲಿಯಾದರೆ ಆಗುವ ತೊಂದರೆ ಒಂದೇ, ಏರ್ ಹಿಡಿಯುವುದು. ಡೀಸೆಲ್ ಹಿಂಡಿದರೆ ಕುಗ್ಗುವ ಪೈಕಿಯದಲ್ಲ, ಗಾಳಿ ಕುಗ್ಗುತ್ತದೆ. ಪಂಪು ಎಷ್ಟು ಒತ್ತಿದರೂ ಒತ್ತಿದ್ದೆಲ್ಲ ಆ ಗಾಳಿಯನ್ನು ಹಿಂಡುವುದಕ್ಕೇ ಖರ್ಚಾಗಿ, ನಾಜಲ್ಲು ಬಾಯಿ ತೆರೆಯುವುದೇ ಇಲ್ಲ. ಹೊಟ್ಟೆಯಲ್ಲಿ ವಾಯು ಸೇರಿದ ಅನುಭವವಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಫಿಲ್ಟರಿನ ನೆತ್ತಿಯ ಸ್ಕ್ರೂ ಸಡಿಲಿಸಿ, ಫೀಡ್ ಪಂಪಿನ ಗುಬ್ಬಿಯನ್ನು ಹೆಬ್ಬೆರಳಿನಲ್ಲಿ ಕುಟ್ಟುತ್ತ ಕೂತರೆ ಮೊದಲು ನೊರೆ ಬರುತ್ತದೆ, ಆಮೇಲೆ ಗುಳ್ಳೆ, ಕೊನೆಗೆ ತುಂಡಾಗದ ಧಾರೆ. ಸ್ಕ್ರೂ ಬಿಗಿ, ಸೆಲ್ಫ್ ಹೊಡಿ, ಗಾಡಿ ಸ್ಟಾರ್ಟ್. ಹತ್ತು ನಿಮಿಷದ ಕೆಲಸ. ಪಕ್ಕದಲ್ಲಿ ನಿಂತು ನೋಡುವ ನಾಲ್ಕು ಜನ ಇದ್ದರಂತೂ ಆ ಹತ್ತು ನಿಮಿಷದಲ್ಲಿ ನಾನು ಸರ್ ಎಂ. ವಿಶ್ವೇಶ್ವರಯ್ಯ.

ಅದು ಸವೆದು ಗುಜರಿಗೆ ಹೋಯಿತು. ಎರಡನೆಯದು ಬಂದದ್ದು ಬಿ.ಎಸ್.-6 ನಿಯಮ ಜಾರಿಯಾದ ಮೇಲೆ, ಅಂದರೆ 2020ರ ಏಪ್ರಿಲ್ ಕಳೆದು. ಆಗಲೇ ಡೀಸೆಲ್ಲಿನ ಗಂಧಕವೂ ಹತ್ತು ಲಕ್ಷ ಭಾಗಕ್ಕೆ 50 ಇದ್ದದ್ದು 10ಕ್ಕೆ ಇಳಿಯಿತು. ಹೊಸ ಗಾಡಿಯ ಹೊಗೆಗೆ ವಾಸನೆಯೇ ಇಲ್ಲವೆಂದು ಎಲ್ಲರೂ ಹಿಂದೆ ನಿಂತು ಮೂಸಿ ಹೋದರು. ಕೆಲವು ಗಾಡಿಗಳಿಗೆ ಡೀಸೆಲ್ ಮುಚ್ಚಳದ ಪಕ್ಕ ನೀಲಿ ಮುಚ್ಚಳದ ಇನ್ನೊಂದು ಟ್ಯಾಂಕು ಬಂತು. ಅದಕ್ಕೆ ಹಾಕುವುದು ಯೂರಿಯಾ, ನೂರಕ್ಕೆ 32.5 ಪಾಲು, ಉಳಿದದ್ದು ಶುದ್ಧ ನೀರು. ಅದು ಹೊಗೆಕೊಳವೆಯೊಳಗೆ ಚಿಮ್ಮಿ ನೈಟ್ರೋಜನ್ ಆಕ್ಸೈಡನ್ನು ಸಾದಾ ನೈಟ್ರೋಜನ್ ಮಾಡುತ್ತದೆ. ಯೂರಿಯಾ ಎಂದರೆ ಸೊಸೈಟಿಯ ಮುಂದೆ ಕ್ಯೂ ನಿಲ್ಲುವುದು ಎಂದಷ್ಟೇ ಗೊತ್ತಿದ್ದ ನಮ್ಮ ಪಕ್ಕದ ತೋಟದವರು, “ಹಾಗಾದ್ರೆ ಒಂದು ಮೂಟೆ ಕದಡಿ ಹಾಕಿದ್ರಾಯ್ತಲ್ಲ” ಎಂದರು. ಗೊಬ್ಬರದ ಯೂರಿಯಾದ ಕಶ್ಮಲ ಅದಕ್ಕೆ ಆಗಿಬರುವುದಿಲ್ಲ. ಕೈತಪ್ಪಿ ಆ ದ್ರಾವಣವನ್ನು ಡೀಸೆಲ್ ಟ್ಯಾಂಕಿಗೇ ಸುರಿದರೋ, ಕೀ ತಿರುಗಿಸದೆ ಟ್ಯಾಂಕು ಕಳಚುವುದೊಂದೇ ದಾರಿ. ಎರಡು ಮುಚ್ಚಳ ಅಕ್ಕಪಕ್ಕ ಇಟ್ಟವನಿಗೆ ಮಕ್ಕಳಿರಲಿಲ್ಲ ಎಂದು ಕಾಣುತ್ತದೆ.

ಈ ಗಾಡಿಯ ಸ್ವಭಾವ ಅರ್ಥವಾಗಬೇಕಾದರೆ ನಮ್ಮ ಅಜ್ಜಿಯ ವಿಷಯ ಹೇಳಬೇಕು.

ಅಜ್ಜಿಯದು ಘನಘೋರ ಮಡಿ. ಮಡಿಸೀರೆ ಮಾಡಿನ ಅಡಿಯ ಗಳದ ಮೇಲೆ, ಯಾರ ಕೈಗೂ ನಿಲುಕದಷ್ಟು ಎತ್ತರದಲ್ಲಿ ಒಣಗಬೇಕು. ಅದನ್ನು ಇಳಿಸುವುದಕ್ಕೆ ಒಂದು ಕೋಲು. ಆ ಕೋಲಿಗೂ ಮಡಿ. ಬಾವಿಯಿಂದ ಸೇದಿದ ನೀರು ಕೊಡಪಾನದ ಬಾಯಿಗೆ ಕಟ್ಟಿದ ಬಟ್ಟೆಯಲ್ಲಿ ಸೋಸಿ ಇಳಿಯಬೇಕು. ಹಾಲು ಸೋಸುವ ಬಟ್ಟೆಯೇ ಬೇರೆ, ತುಪ್ಪದ್ದೇ ಬೇರೆ. ನಾವು ಮಕ್ಕಳು ಯಾರಾದರೂ ಓಡಿಬಂದು ಸೆರಗು ಮುಟ್ಟಿದೆವೋ, ಅಜ್ಜಿ ಒಂದೂ ಮಾತಾಡದೆ ಮತ್ತೆ ಬಾವಿಕಟ್ಟೆಗೆ ನಡೆಯುತ್ತಿದ್ದಳು. ಆ ಮೌನಕ್ಕೆ ನಾವು ಬೈಗುಳಕ್ಕಿಂತ ಹೆದರುತ್ತಿದ್ದೆವು. ವಿಚಿತ್ರವೆಂದರೆ ಇದೇ ಅಜ್ಜಿ ಮಧ್ಯಾಹ್ನ ಕೊಟ್ಟಿಗೆಯಲ್ಲಿ ಮೊಣಕಾಲವರೆಗೆ ಸಗಣಿಯಲ್ಲಿ ನಿಂತು ಕೆಲಸ ಮಾಡುತ್ತಿದ್ದಳು, ಒಂದಿಷ್ಟೂ ಅಸಹ್ಯವಿಲ್ಲದೆ. ಹೊರಗಿನ ಕೊಳೆಗೂ ಒಳಗಿನ ಮಡಿಗೂ ಅವಳ ಲೆಕ್ಕದಲ್ಲಿ ಸಂಬಂಧವೇ ಇರಲಿಲ್ಲ.

ಹೊಸ ಪಿಕಪ್ಪು ಸಾಕ್ಷಾತ್ ಅಜ್ಜಿ. ಮೈಮೇಲೆ ಎಷ್ಟು ಸಗಣಿ ಹೇರಿದರೂ ಬೇಸರವಿಲ್ಲ. ಹೊಟ್ಟೆಯೊಳಗೆ ಮಾತ್ರ ಒಂದು ಕಣ ಧೂಳು, ಒಂದು ಹನಿ ನೀರು ಮುಟ್ಟಕೂಡದು. ಮುಟ್ಟಿದರೆ ಬೈಗುಳವಿಲ್ಲ, ಮೌನ.

ಈ ಮಡಿಗೆ ಕಾರಣ ಒತ್ತಡ. ಹಳೆಯ ಗಾಡಿಯ ನಾಜಲ್ಲು ಬಾಯಿ ತೆರೆಯುವುದಕ್ಕೆ 200 ಚಿಲ್ಲರೆ ಬಾರ್ ಸಾಕಿತ್ತು. ಪ್ರತಿ ಸಿಲಿಂಡರಿಗೂ ಪಂಪು ಬೇರೆಯಾಗಿ ಒತ್ತಿ ಕಳಿಸುತ್ತಿತ್ತು. ಈಗಿನದು ಕಾಮನ್ ರೈಲ್. ಊರಿನ ಓವರ್‌ಹೆಡ್ ಟ್ಯಾಂಕಿನ ಹಾಗೆ ಪಂಪು ಒಂದೇ ಕೊಳವೆಯನ್ನು ಸದಾ ತುಂಬಿ ಒತ್ತಿಟ್ಟಿರುತ್ತದೆ. ನಾಲ್ಕು ಮನೆಗೆ ನಾಲ್ಕು ನಲ್ಲಿ. ಯಾವ ನಲ್ಲಿ ಯಾವ ಕ್ಷಣಕ್ಕೆ ಎಷ್ಟು ಹೊತ್ತು ಎನ್ನುವುದು ಕಂಪ್ಯೂಟರಿನ ಮರ್ಜಿ. 1997ರಲ್ಲಿ ಇಟಲಿಯ ಆಲ್ಫಾ ರೋಮಿಯೋ 156 ಎಂಬ ಕಾರಿಗೆ ಬಂದ ಈ ವಿದ್ಯೆ ಈಗ ನಮ್ಮ ಗೊಬ್ಬರದ ಗಾಡಿಯಲ್ಲಿದೆ. ಆ ಕೊಳವೆಯಲ್ಲಿ 1,600 ಬಾರ್ ಒತ್ತಡ ಮಾಮೂಲು, ಕೆಲವದರಲ್ಲಿ 2,000 ದಾಟುತ್ತದೆ. 1,600 ಬಾರ್ ಎಂದರೆ ಒಂದು ಚದರ ಸೆಂಟಿಮೀಟರ್ ಜಾಗದ ಮೇಲೆ ಸುಮಾರು 1,600 ಕಿಲೋ. ಪಿಕಪ್ಪು ಹೊರುವ ಪೂರ್ತಿ ಲೋಡನ್ನು ಕಿರುಬೆರಳಿನ ಉಗುರಿನ ಮೇಲೆ ನಿಲ್ಲಿಸಿದ ಹಾಗೆ. ಹಳೆಯ ಗಾಡಿಯಲ್ಲಿ ಮಾಡುತ್ತಿದ್ದಂತೆ ಎಂಜಿನ್ ಓಡುವಾಗ ಪೈಪಿನ ನಟ್ಟು ಸಡಿಲಿಸಿ ಬೆರಳಿಟ್ಟು ನೋಡಿದರೆ ಆ ಧಾರೆ ಚರ್ಮವನ್ನು ಸೂಜಿಯ ಹಾಗೆ ಸೀಳಿ ಒಳಹೋಗುತ್ತದೆ. ವಿಶ್ವೇಶ್ವರಯ್ಯನಾಗುವ ಅವಕಾಶವೇ ತಪ್ಪಿತು.

ಇಷ್ಟು ಒತ್ತಡ ಸೋರದೆ ನಿಲ್ಲಬೇಕಾದರೆ ಒಳಗಿನ ಬಿಡಿಭಾಗಗಳ ನಡುವಿನ ಸಂದು ಎರಡು ಮೂರು ಮೈಕ್ರಾನ್ ಇರಬೇಕು. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ನಮ್ಮ ತಲೆಕೂದಲು 70 ಮೈಕ್ರಾನ್ ಆಸುಪಾಸು, ಇರುವವರದ್ದು. ಕಣ್ಣಿಗೇ ಕಾಣದ ಧೂಳಿನ ಕಣ ಆ ಸಂದಿಗೆ ಬಂಡೆ. ಜೊತೆಗೆ ಆ ಪಂಪಿಗೆ ಬೇರೆ ಆಯಿಲ್ ಇಲ್ಲ, ಡೀಸೆಲ್ಲೇ ಅದಕ್ಕೆ ಜಿಡ್ಡು, ಡೀಸೆಲ್ಲೇ ತಂಪು. ನೀರು ಬಂದ ಕಡೆ ಜಿಡ್ಡಿಲ್ಲ, ಜಿಡ್ಡಿಲ್ಲದ ಕಡೆ ಲೋಹ ಲೋಹವನ್ನು ಕೆರೆಯುತ್ತದೆ, ನಿಂತರೆ ತುಕ್ಕು.

ಇದೆಲ್ಲ ನನಗೆ ಗೊತ್ತಾದದ್ದು ಆಗುಂಬೆ ಘಾಟಿಯಲ್ಲಿ.

ದೀಪಾವಳಿ ಕಳೆದ ಮೇಲೆ ಹೆಬ್ರಿಯ ಹತ್ತಿರ ನೆಂಟರ ಮನೆಯ ಮದುವೆ. ನಮ್ಮ ಕಡೆಯ ಪಾತ್ರೆ, ನಮ್ಮ ಕಡೆಯ ಅಡಿಗೆ ಭಟ್ಟರು. ಮದುವೆ ಮುಗಿಸಿ, ಕೊಪ್ಪರಿಗೆ ಕೌಳಿಗೆಗಳನ್ನು ಹಿಂದೆ ತುಂಬಿ, ಭಟ್ಟರನ್ನು ಪಕ್ಕದಲ್ಲಿ ಕೂರಿಸಿಕೊಂಡು ಸೋಮೇಶ್ವರದಿಂದ ಘಾಟಿ ಹತ್ತಲು ಶುರುಮಾಡಿದೆ. ಆಗುಂಬೆ ಘಾಟಿಗೆ 14 ಕಡಿದಾದ ತಿರುವು. ನಾಲ್ಕನೆಯದರಲ್ಲಿ ಗಾಡಿ ಮುಕ್ಕಿತು. ಆರನೆಯದರಲ್ಲಿ ಜಗ್ಗಿತು. ಏಳನೆಯದರಲ್ಲಿ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ನಿನ ಚಿತ್ರದ ದೀಪ ಹತ್ತಿ, ಗಾಡಿ ನಡೆಯುವುದೋ ನಿಲ್ಲುವುದೋ ಎಂಬ ಜಿಜ್ಞಾಸೆಗೆ ಬಿತ್ತು. ಹಿಂದೆ ಹಾರನ್ನುಗಳ ಮೇಳ.

ಅದರ ಪಕ್ಕದ ಇನ್ನೊಂದು ದೀಪ ಎರಡು ತಿಂಗಳಿಂದ ಉರಿಯುತ್ತಿತ್ತು ಎನ್ನುವುದನ್ನು ಇಲ್ಲಿ ಒಪ್ಪಿಕೊಂಡುಬಿಡುತ್ತೇನೆ. ಹಳದಿ ದೀಪ, ಒಂದು ಡಬ್ಬಿ, ಅದರ ಕೆಳಗೆ ನೀರಿನ ಹನಿ. ಆಗುಂಬೆಯ ಸುತ್ತಮುತ್ತ ಬದುಕುವವನಿಗೆ ಮಳೆಗಾಲದಲ್ಲಿ ನೀರಿನ ಹನಿ ತೋರಿಸಿದರೆ ಅದರಲ್ಲೇನು ಸುದ್ದಿಯಿದೆ? ವೈಪರಿಗೆ ಸಂಬಂಧಪಟ್ಟದ್ದಿರಬೇಕು ಎಂದು ಬಿಟ್ಟಿದ್ದೆ. ಅದು ಡೀಸೆಲ್ ಫಿಲ್ಟರಿನ ತಳದಲ್ಲಿ ನೀರು ನಿಂತಿದೆ, ಬಸಿ, ಎನ್ನುವ ಸೂಚನೆ. ಕೈಪಿಡಿಯಲ್ಲಿ ಬರೆದಿದೆ. ಕೈಪಿಡಿ ನಮ್ಮ ಮನೆಯಲ್ಲಿ ಟೀವಿಯ ಒಂದು ಕಾಲಿನ ಕೆಳಗಿದೆ.

ಭಟ್ಟರು ಶಾಂತವಾಗಿ ಕವಳ ಹಾಕುತ್ತಾ ಕೇಳಿದರು: “ನಾಜಲ್ಲು ಕಟ್ಟಿರ್ಬೇಕು. ಪಿನ್ನು ಇಲ್ವಾ?”

ಸೀಮೆಎಣ್ಣೆಯ ಪಂಪ್ ಸ್ಟವ್ ಕಂಡವರಿಗೆ ಪಿನ್ನು ಗೊತ್ತು. ತಗಡಿನ ಪಟ್ಟಿಯ ತುದಿಗೆ ಕೂದಲಿನಂಥ ತಂತಿ. ಸ್ಟವ್ ಕೆಂಪಗೆ ಉರಿದರೆ ಪಿನ್ನು ಚುಚ್ಚಬೇಕು, ನೀಲಿಗೆ ತಿರುಗುತ್ತದೆ. ಭಟ್ಟರ ಜೀವಮಾನದ ಎಂಜಿನಿಯರಿಂಗ್ ಅದು, ತಪ್ಪೇನಿಲ್ಲ. ನಾಜಲ್ಲು ಎರಡೂ ಕಡೆ ನಾಜಲ್ಲೇ. ಆದರೆ ಈಗಿನ ಇಂಜೆಕ್ಟರಿನ ತುದಿಯ ತೂತುಗಳು ಒಂದು ಮಿಲಿಮೀಟರಿನ ಹತ್ತರಲ್ಲೊಂದು ಭಾಗದ ಸುಮಾರಿನವು, ಅಂಥವು ಐದೋ ಏಳೋ. ಅದರಿಂದ ಒಂದು ಸಲಕ್ಕೆ ಸಿಡಿಯುವ ಡೀಸೆಲ್ ಒಂದು ತೊಟ್ಟಿಗಿಂತ ಕಡಿಮೆ. ಎಂಜಿನ್ ನಿಮಿಷಕ್ಕೆ 2,000 ಸುತ್ತು ತಿರುಗುವಾಗ ಒಂದೊಂದು ಸಿಲಿಂಡರಿಗೂ ನಿಮಿಷಕ್ಕೆ 1,000 ಸಲ ಹೀಗೆ ಸಿಡಿಯಬೇಕು, ಕಣ್ಣಿಗೆ ಕಾಣದ ಮಂಜಿನ ಹಾಗೆ. ಒಳಗೆ ಕಾದು ಕೂತ ಗಾಳಿ ಬರೀ ಹಿಂಡಿಸಿಕೊಂಡೇ 500 ಡಿಗ್ರಿ ಮೀರಿರುತ್ತದೆ, ಬೆಂಕಿಕಡ್ಡಿ ಬೇಡ. ಮಂಜಿನ ಬದಲು ಹನಿ ಬಿದ್ದರೆ ಅರ್ಧ ಉರಿದು ಹೊಗೆ. ಇಷ್ಟನ್ನು ನಾನು ಭಟ್ಟರಿಗೆ ಹೇಳಲಿಲ್ಲ. “ಪಿನ್ನು ಮನೇಲಿದೆ” ಎಂದೆ.

ಕೀ ತೆಗೆದು, ಹತ್ತು ನಿಮಿಷ ಕಾದು, ಮತ್ತೆ ಸ್ಟಾರ್ಟ್ ಮಾಡಿ, ಒಂದನೇ ಗೇರಿನಲ್ಲಿ ಉಳಿದ ಏಳು ತಿರುವು ಹತ್ತಿದೆವು. ನಡೆದುಕೊಂಡು ಹತ್ತುತ್ತಿದ್ದ ಒಬ್ಬರು ನಮಗಿಂತ ಮೊದಲು ಸೂರ್ಯಾಸ್ತದ ಜಾಗ ಮುಟ್ಟಿ ನಮ್ಮತ್ತ ಕೈಬೀಸಿದರು.

ಮಾರನೆಯ ದಿನ ಮೇಸ್ತ್ರಿ, ಮೇಲೆ ಹೇಳಿದ ಶ್ಲೇಷೆಯನ್ನು ಉಚ್ಚರಿಸಿ, ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಒಂದು ಗಾಜಿನ ಬಾಟಲಿ ಹಿಡಿದರು. ತುಂಬಿದ ಬಾಟಲಿಯನ್ನು ಕಿಟಕಿಯಲ್ಲಿಟ್ಟು, “ನೋಡ್ತಾ ಇರಿ” ಎಂದು ಚಹಾಕ್ಕೆ ಹೋದರು. ಅವರು ಬರುವಷ್ಟರಲ್ಲಿ ಬಾಟಲಿ ಮೂರು ಪಾಲಾಗಿತ್ತು. ಮೇಲೆ ಹೊಂಬಣ್ಣದ ಡೀಸೆಲ್, ಕೆಳಗೆ ನೀರು, ನಡುವೆ ಕಂದು ಲೋಳೆ. ಆ ಲೋಳೆಗೆ ಜೀವವಿದೆ. ನೀರಿನಲ್ಲಿ ಮನೆ ಮಾಡಿ ಡೀಸೆಲ್ಲನ್ನು ಊಟ ಮಾಡುವ ಸೂಕ್ಷ್ಮಜೀವಿಗಳವು, ಎರಡೂ ಸಿಗುವ ಗಡಿಯಲ್ಲೇ ಸಂಸಾರ ಹೂಡುತ್ತವೆ. ನನ್ನ ಟ್ಯಾಂಕಿನಲ್ಲಿ ಒಂದು ಗ್ರಾಮ ಪಂಚಾಯ್ತಿಗಾಗುವಷ್ಟು ಜನಸಂಖ್ಯೆ ಇದ್ದಿರಬೇಕು.

ನೀರು ಬಂದದ್ದೆಲ್ಲಿಂದ? ಬಂಕಿನವರನ್ನು ಬೈಯಲು ನಾನು ಸಿದ್ಧನಾಗಿಯೇ ಇದ್ದೆ. ಮೇಸ್ತ್ರಿ ಮನೆಗೆ ಬಂದು, ಕೊಟ್ಟಿಗೆಯ ಹಿಂದೆ ಟಿಲ್ಲರಿಗೆಂದು ಇಟ್ಟ ಬ್ಯಾರಲ್ಲನ್ನು ನೋಡಿ, ಅದರ ಮೇಲೆ ಬೆರಳಿಟ್ಟರು. ಸೂರಿನ ನೀರು ಬ್ಯಾರಲ್ಲಿನ ತಲೆಯ ಮೇಲೆ ಕೆರೆ ಕಟ್ಟಿತ್ತು. ಹಗಲು ಬಿಸಿಗೆ ಬ್ಯಾರಲ್ಲು ಉಸಿರು ಬಿಡುತ್ತದೆ, ರಾತ್ರಿ ತಣ್ಣಗಾದಾಗ ಉಸಿರೆಳೆದುಕೊಳ್ಳುತ್ತದೆ. ಎಳೆಯುವಾಗ ಬಿರಡೆಯ ಸಂದಿನಿಂದ ಆ ಕೆರೆಯನ್ನೂ ಗುಟುಕು ಗುಟುಕಾಗಿ ಕುಡಿಯುತ್ತದೆ. ಅವಸರವಿದ್ದಾಗ ನಾನು ಪಿಕಪ್ಪಿಗೆ ಹಾಕುತ್ತಿದ್ದದ್ದು ಇದರಿಂದಲೇ. ಅದರ ಮೇಲೆ, ಗಾಡಿಯ ಟ್ಯಾಂಕನ್ನು ಸದಾ ಅರ್ಧ ಖಾಲಿ ಇಡುವ ಅಭ್ಯಾಸ. ಖಾಲಿ ಜಾಗದ ಮಳೆಗಾಲದ ಗಾಳಿ ರಾತ್ರಿ ತಣಿದು ಟ್ಯಾಂಕಿನ ಗೋಡೆಯ ಮೇಲೆ ಬೆವರುತ್ತದೆ. ಅಂತೂ ನೀರಿಗೆ ದುಡ್ಡು ಕೊಡದೆ ನಾನೇ ಬೆಳೆದಿದ್ದೆ.

ಫಿಲ್ಟರು ಬದಲಾಯಿತು, ಟ್ಯಾಂಕು ಕಳಚಿ ತೊಳೆದದ್ದಾಯಿತು. ಆದರೂ ಬೆಳಗಿನ ಹೊತ್ತು ಗಾಡಿ ಕುಂಟುತ್ತಿತ್ತು. “ಶಿವಮೊಗ್ಗಕ್ಕೆ ಪಂಪಿನವರ ಹತ್ರ ತಗೊಂಡೋಗಿ” ಎಂದು ಮೇಸ್ತ್ರಿ, ತಾಲೂಕು ಆಸ್ಪತ್ರೆಯ ಡಾಕ್ಟರು ಮಣಿಪಾಲಕ್ಕೆ ಚೀಟಿ ಬರೆದುಕೊಡುವ ಧ್ವನಿಯಲ್ಲಿ ಹೇಳಿದರು.

ಪಂಪಿನವರ ಅಂಗಡಿಯ ಮುಂಭಾಗ ನನ್ನ ಹಳೆಯ ಪರಿಚಯದ್ದೇ. ಹಸಿರು ಬಣ್ಣದ ಟೆಸ್ಟ್ ಬೆಂಚು, ಅದರ ಮುಂದೆ ಸಾಲಾಗಿ ಗಾಜಿನ ನಳಿಗೆಗಳು. ಪಂಪನ್ನು ಮೋಟಾರಿಗೆ ಜೋಡಿಸಿ ತಿರುಗಿಸಿದರೆ ಯಾವ ಸಿಲಿಂಡರಿನ ಪಾಲು ಎಷ್ಟೆಂದು ನಳಿಗೆಯಲ್ಲಿ ತುಂಬಿ ಕಾಣುತ್ತದೆ, ಹೆಚ್ಚು ಕಡಿಮೆ ಇದ್ದರೆ ಸಮ ಮಾಡುತ್ತಾರೆ. ಅಣ್ಣತಮ್ಮಂದಿರ ಪಾಲುಪಟ್ಟಿ ಇಷ್ಟು ನಿಖರವಾಗಿ ಆದದ್ದನ್ನು ನಾನು ಕಂಡಿಲ್ಲ. ಗೋಡೆಯ ಮೇಲೆ ಮಾಸಿದ ಬೋರ್ಡು: ಮೈಕೋ.

ನಮ್ಮ ಕಡೆ ಮೈಕೋ ಎಂದರೆ ಪಂಪು. ಜರ್ಮನಿಯಲ್ಲಿ ರಾಬರ್ಟ್ ಬಾಷ್ ಅವರ ಕಂಪನಿ ಡೀಸೆಲ್ ಪಂಪನ್ನು ಸಾಲುಸಾಲಾಗಿ ತಯಾರಿಸಲು ತೊಡಗಿದ್ದು 1927ರಲ್ಲಿ. ಅದಕ್ಕೂ ಮುಂಚೆ ಡೀಸೆಲ್ ಎಂಜಿನ್ನು ಬಹುಮಟ್ಟಿಗೆ ಹಡಗಿನ, ಕಾರ್ಖಾನೆಯ ಸ್ವತ್ತು. ಎಂಜಿನ್ ಕಂಡುಹಿಡಿದ ರುಡಾಲ್ಫ್ ಡೀಸೆಲ್ ಈ ಪಂಪನ್ನು ನೋಡಲೇ ಇಲ್ಲ, 1913ರ ಸೆಪ್ಟೆಂಬರಿನ ಒಂದು ರಾತ್ರಿ ಇಂಗ್ಲೆಂಡಿಗೆ ಹೋಗುವ ಹಡಗಿನಿಂದ ಕಾಣೆಯಾಗಿದ್ದರು. ಬಾಷ್‌ನ ಭಾರತದ ಕೂಸು ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಹುಟ್ಟಿದ್ದು 1951ರಲ್ಲಿ. ಕಾರ್ಖಾನೆ ಇದ್ದದ್ದು ಬೆಂಗಳೂರಿನ ಆಡುಗೋಡಿಯಲ್ಲಿ. ದೇಶದ ಲಾರಿ, ಬಸ್ಸು, ಟ್ರಾಕ್ಟರುಗಳ ಗಂಟಲಿಗೆ ಎಷ್ಟೋ ದಶಕ ಆಡುಗೋಡಿಯೇ ಆಧಾರವಾಗಿತ್ತು. 2008ರಲ್ಲಿ ಅದು ತನ್ನ ಹೆಸರನ್ನು ಬಾಷ್ ಎಂದೇ ಬದಲಿಸಿಕೊಂಡಿತು, ನಮ್ಮ ಮೇಸ್ತ್ರಿಗಳು ಬದಲಿಸಿಕೊಳ್ಳಲಿಲ್ಲ. ನನ್ನ ಅಕ್ಕನ ಮಗ ಸಾಫ್ಟ್‌ವೇರಿನವನು, ನಾಲ್ಕು ವರ್ಷದಿಂದ ಮೈಕೋ ಲೇಔಟಿನಲ್ಲಿ ಬಾಡಿಗೆಗಿದ್ದಾನೆ. ಆ ಹೆಸರು ಎಲ್ಲಿಂದ ಬಂತೆಂದು ಕೇಳಿದರೆ, ಯಾವುದೋ ಪೋರ್ಚುಗೀಸ್ ಹೆಸರಿರಬೇಕು ಎಂದ.

ಅಂಗಡಿಯ ಒಳಭಾಗ ಮಾತ್ರ ಹೊಸತು. ಗಾಜಿನ ಬಾಗಿಲು, ಒಳಗೆ ಎ.ಸಿ., ಬಾಗಿಲಿನ ಹೊರಗೆ ಬರೆದಿತ್ತು: ಚಪ್ಪಲಿ ಇಲ್ಲಿ ಬಿಡಿ. ನಾನು ಅಭ್ಯಾಸಬಲದಿಂದ ಅಂಗಿಯನ್ನೂ ಬಿಚ್ಚಲು ಹೊರಟಿದ್ದೆ. ಕಾಮನ್ ರೈಲ್ ಇಂಜೆಕ್ಟರ್ ಬಿಚ್ಚುವ ಕೋಣೆಯದು, ಧೂಳು ಬರಕೂಡದು. ಗ್ಯಾರೇಜಿನ ಜೀವಾಳವಾದ ಬನಿಯನ್ ವೇಸ್ಟು ಅಲ್ಲಿ ನಿಷಿದ್ಧ, ಅದರ ಎಳೆಯೇ ಇಂಜೆಕ್ಟರಿಗೆ ಹಗ್ಗವಾದೀತು. ಹುಡುಗ ಮೊಣಕೈವರೆಗೆ ಸೋಪು ಹಚ್ಚಿ ಕೈ ತೊಳೆದು ಒಳಗೆ ಹೋದ. ಅಜ್ಜಿ ಇದ್ದಿದ್ದರೆ ಅವನ ಕೈಯಲ್ಲಿ ನೀರು ಕುಡಿಯುತ್ತಿದ್ದಳೋ ಏನೋ.

ಮೊದಲು ಗಾಡಿಯಲ್ಲೇ ಪರೀಕ್ಷೆ. ನಾಲ್ಕು ಇಂಜೆಕ್ಟರಿನ ರಿಟರ್ನ್ ಪೈಪಿಗೂ ಒಂದೊಂದು ಪುಟ್ಟ ಬಾಟಲಿ ನೇತುಹಾಕಿ ಎಂಜಿನ್ ಓಡಿಸಿದರು, ಗ್ಲೂಕೋಸ್ ಹಾಕಿದ ನಾಲ್ಕು ರೋಗಿಗಳ ವಾರ್ಡಿನಂತೆ. ಮೂರು ಬಾಟಲಿ ಸಮವಾಗಿ ತುಂಬಿದವು, ಮೂರನೆಯ ಸಿಲಿಂಡರಿನದು ಬೇಗ ತುಂಬಿತು. ಅಂದರೆ ಅದರೊಳಗೆ ಸಂದು ಸವೆದು, ಸಿಲಿಂಡರಿಗೆ ಹೋಗಬೇಕಾದ್ದು ವಾಪಸು ಸೋರುತ್ತಿದೆ. ಆ ಇಂಜೆಕ್ಟರು ಬದಲಾಯಿತು. ಹೊಸದರ ತಲೆಯ ಮೇಲೆ ಅಂಕಿ ಅಕ್ಷರಗಳ ಒಂದು ಸಾಲು ಕೆತ್ತಿತ್ತು. ಹುಡುಗ ಅದನ್ನು ಸ್ಕ್ಯಾನರಿನಲ್ಲಿ ಗಾಡಿಯ ಕಂಪ್ಯೂಟರಿಗೆ ಟೈಪು ಮಾಡಿದ. ಒಂದೇ ಅಚ್ಚಿನ ಇಂಜೆಕ್ಟರುಗಳಾದರೂ ಒಂದು ಗುಲಗಂಜಿ ಹೆಚ್ಚು ಕಡಿಮೆ ಇರುತ್ತದಂತೆ. ಯಾರು ಎಷ್ಟು ಎಂದು ತಿಳಿದರೆ ಕಂಪ್ಯೂಟರು ಸರಿದೂಗಿಸಿಕೊಳ್ಳುತ್ತದೆ. ಸಂಕಲ್ಪದ ಹೊತ್ತಿಗೆ ಗೋತ್ರ, ನಕ್ಷತ್ರ ಹೇಳದಿದ್ದರೆ ಪೂಜೆಯ ಫಲ ಪಕ್ಕದ ಮನೆಯವರಿಗೆ ಹೋದ ಹಾಗೆ. ಬಿಲ್ಲು ಅರ್ಧ ಕ್ವಿಂಟಾಲ್ ಅಡಿಕೆಯಷ್ಟಾಯಿತು. ನಮ್ಮ ಕಡೆ ದೊಡ್ಡ ಮೊತ್ತವನ್ನು ರೂಪಾಯಿಯಲ್ಲಿ ಹೇಳಿ ಎದೆ ಒಡೆದುಕೊಳ್ಳುವುದಿಲ್ಲ.

ಇಷ್ಟಾದ ಮೇಲೆ ಸುಮ್ಮನಿರಬಹುದಿತ್ತು. ಆದರೆ ದುಡ್ಡು ಹೋದ ಮನುಷ್ಯನಿಗೆ ಇನ್ನಷ್ಟು ಖರ್ಚು ಮಾಡುವ ಧೈರ್ಯ ಬರುತ್ತದೆ.

ಅಕ್ಕನ ಮಗ ಒಂದು ಡಬ್ಬಿಯ ಚಿತ್ರ ಕಳಿಸಿದ. ಟ್ಯೂನಿಂಗ್ ಬಾಕ್ಸು. ಬೆಂಕಿಪೊಟ್ಟಣದಷ್ಟು ದೊಡ್ಡದು, ಇದನ್ನು ರೈಲಿನ ಸೆನ್ಸರಿಗೂ ಕಂಪ್ಯೂಟರಿಗೂ ನಡುವೆ ಸಿಕ್ಕಿಸಿದರೆ ಪಿಕಪ್ಪು ಚಿರತೆಯಾಗುತ್ತದಂತೆ. ಹೇಗೆ ಎಂದು ಕೇಳಿದೆ. ಒತ್ತಡ ಸರಿಯಿದ್ದರೂ “ಕಡಿಮೆಯಿದೆ, ಕಡಿಮೆಯಿದೆ” ಎಂದು ಅದು ಕಂಪ್ಯೂಟರಿಗೆ ಹೇಳುತ್ತದೆ. ಕಂಪ್ಯೂಟರು ನಂಬಿ ಇನ್ನಷ್ಟು ಒತ್ತುತ್ತದೆ. ಅಂದರೆ ಚಾಡಿ ಹೇಳುವ ಡಬ್ಬಿ. ಪಂಪು, ಕ್ಲಚ್ಚು, ಟರ್ಬೋ ಎಲ್ಲವೂ ಕಂಪನಿಯವರ ಲೆಕ್ಕದ ಮೇಲೆ ನಿಂತಿರುವಾಗ ನಡುವೆ ಒಬ್ಬ ಚಾಡಿಕೋರನನ್ನು ಕೂರಿಸಿದ ಕೂಡುಕುಟುಂಬ ಎಷ್ಟು ದಿನ ನಡೆದೀತು? ಬೇಡ ಎಂದೆ. ಹುಡುಗನಿಗೆ ಬೇಸರವಾಯಿತು.

ಅಮೆರಿಕದ ಟೆಕ್ಸಾಸಿನಲ್ಲಿರುವ ನನ್ನ ಷಡ್ಡಕನಿಗೆ ಫೋನು ಮಾಡಿದೆ. ಅವನಲ್ಲಿ ನಮ್ಮ ಅಡಿಕೆ ಚಪ್ಪರದಷ್ಟು ಉದ್ದದ ಡೀಸೆಲ್ ಪಿಕಪ್ಪಿದೆ, ಅದರಲ್ಲಿ ಅವನು ಸಾಗಿಸುವುದು ವಾರಕ್ಕೊಮ್ಮೆ ತರಕಾರಿ. ಅಲ್ಲಿ ಪಿಕಪ್ಪಿಗೆ ದೊಡ್ಡ ಡೀಸೆಲ್ ಎಂಜಿನ್ ಇಡುವುದು ಹಳೆಯ ರೂಢಿ. 1989ರಲ್ಲೇ ಡಾಡ್ಜ್ ಪಿಕಪ್ಪಿಗೆ ಲಾರಿಗಳ ಬಾಬತ್ತಿನ ಕಮಿನ್ಸ್ ಎಂಜಿನ್ ಬಂದಿತ್ತು. ಅಲ್ಲಿನ ಅನುಭವಸ್ಥರು ಶಕ್ತಿ ಹೆಚ್ಚಿಸುವ ಮೊದಲು ಹಿಂದಿನಿಂದ ಶುರುಮಾಡುತ್ತಾರೆ ಎಂದ. ಟ್ಯಾಂಕಿನ ಬಳಿ ಒಂದು ಲಿಫ್ಟ್ ಪಂಪು, ಜೊತೆಗೆ ನೀರು ಬೇರ್ಪಡಿಸುವ ಇನ್ನೊಂದು ದೊಡ್ಡ ಫಿಲ್ಟರು. ಮುಂದಿನ ಪಂಪು ಏದುಸಿರು ಬಿಡುತ್ತ ಡೀಸೆಲ್ ಎಳೆಯಬೇಕಿಲ್ಲ, ಸೋಸಿದ್ದು ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುತ್ತದೆ. ತರಕಾರಿ ಗಾಡಿಗೆ ಇಷ್ಟೆಲ್ಲ ಯಾಕೆಂದು ನಾನು ಕೇಳಲಿಲ್ಲ, ನಾದಿನಿ ಸ್ಪೀಕರಿನಲ್ಲಿದ್ದಳು.

ಈ ಮಾತು ನನಗೆ ಹಿಡಿಸಿತು. ಲಿಫ್ಟ್ ಪಂಪು ನಮ್ಮ ತೂಕದ ಗಾಡಿಗೆ ಅತಿಯಾಯಿತು. ಆದರೆ ಟ್ರಾಕ್ಟರುಗಳಲ್ಲಿ ಇರುವಂಥ, ತಳದಲ್ಲಿ ಪಾರದರ್ಶಕ ಬಟ್ಟಲಿರುವ ವಾಟರ್ ಸೆಪರೇಟರನ್ನು ಟ್ಯಾಂಕಿಗೂ ಮೂಲ ಫಿಲ್ಟರಿಗೂ ನಡುವೆ ಕೂರಿಸಿದರೆ ನೀರು ಅಲ್ಲೇ ನಿಲ್ಲುತ್ತದೆ, ಬಾನೆಟ್ ಎತ್ತಿದರೆ ಕಣ್ಣಿಗೇ ಕಾಣುತ್ತದೆ, ಯಾವ ದೀಪದ ಭಾಷೆಯನ್ನೂ ಕಲಿಯಬೇಕಿಲ್ಲ. ಮೇಸ್ತ್ರಿ ಒಲ್ಲದ ಮನಸ್ಸಿನಿಂದ ಒಪ್ಪಿದರು. ವಾರಂಟಿ ಮುಗಿದಿತ್ತು, ಅದೂ ಒಂದು ಸ್ವಾತಂತ್ರ್ಯ. ಹೊಸ ಫಿಲ್ಟರಿಗೆ ಮೊದಲೇ ಡೀಸೆಲ್ ತುಂಬಿಸಿ ಕೂರಿಸೋಣ, ಬೇಗ ಸ್ಟಾರ್ಟ್ ಆಗುತ್ತದೆ ಎಂದು ನಾನು ಹಳೆಯ ಅನುಭವದ ಮೇಲೆ ಕ್ಯಾನು ತಂದೆ. ಮೇಸ್ತ್ರಿ ಕ್ಯಾನು ಕಸಿದುಕೊಂಡರು. ಫಿಲ್ಟರಿನ ನಡುವಿನ ತೂತು ಸೋಸಿದ ಡೀಸೆಲ್ ಹೊರಬರುವ ಬಾಗಿಲು. ಅಲ್ಲಿಂದ ಕ್ಯಾನಿನದನ್ನು ಸುರಿದರೆ ಅದು ಸೋಸದೆಯೇ ಇಂಜೆಕ್ಟರಿಗೆ ಹೋಗುತ್ತದೆ. “ಸೋಸಿದ ಹಾಲಿಗೆ ಸೋಸದ ಹಾಲು ಬೆರೆಸ್ತೀರಾ?” ಎಂದರು. ಅವರಿಗೂ ಒಬ್ಬ ಅಜ್ಜಿ ಇದ್ದಿರಬೇಕು.

ಬಟ್ಟಲು ಕೂತಿತು. ಎರಡು ದಿನ ಬಂದವರಿಗೆಲ್ಲ ಬಾನೆಟ್ ಎತ್ತಿ ತೋರಿಸಿದೆ. ಮೂರನೆಯ ದಿನ ಬೆಳಿಗ್ಗೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಹತ್ತು ಸಲ ಸೆಲ್ಫ್ ಹೊಡೆದ ಮೇಲೆ ಎದ್ದಿತು. ನಾಲ್ಕನೆಯ ದಿನವೂ ಅದೇ. ನೆಲದ ಮೇಲೆ ಒಂದು ಹನಿ ಡೀಸೆಲ್ ಇಲ್ಲ, ಎಲ್ಲಿಯೂ ಸೋರಿಕೆ ಇಲ್ಲ. “ನೀವು ರಿಪೇರಿ ಮಾಡಿಸೋಕೆ ಮುಂಚೆ ಚೆನ್ನಾಗೇ ಓಡ್ತಿತ್ತಲ್ಲ” ಎಂದು ಒಳಗಿನಿಂದ ಧ್ವನಿ ಬಂತು.

ಎಳೆಯುವ ಕಡೆಯ ಪೈಪಿನ ಗುಟ್ಟೇ ಇದು. ಪಂಪಿನ ಮುಂದೆ ಒತ್ತಡವಿರುವ ಕಡೆ ಸಂದು ಬಿಟ್ಟರೆ ಡೀಸೆಲ್ ಹೊರಗೆ ಸೋರುತ್ತದೆ, ಕಣ್ಣಿಗೆ ಬೀಳುತ್ತದೆ. ಪಂಪಿನ ಹಿಂದೆ, ಎಳೆಯುವ ಕಡೆ ಸಂದು ಬಿಟ್ಟರೆ ಗಾಳಿ ಒಳಗೆ ಸೋರುತ್ತದೆ, ಯಾರಿಗೂ ಕಾಣುವುದಿಲ್ಲ. ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ವಾಪಸಾಗಿ ಬೆಳಿಗ್ಗೆ ಪೈಪಿನಲ್ಲಿ ಬರೀ ಗಾಳಿ. ಮೇಸ್ತ್ರಿ ಒಂದು ಮೊಳ ಪಾರದರ್ಶಕ ಪೈಪು ಸಿಕ್ಕಿಸಿ ಎಂಜಿನ್ ಓಡಿಸಿದರು. ಅಕ್ವೇರಿಯಮ್ಮಿನ ಹಾಗೆ ಗುಳ್ಳೆಗಳ ಸಾಲು. ಒಂದೊಂದೇ ಜೋಡಣೆ ಬಿಚ್ಚಿ ನೋಡಿದಾಗ ಸಿಕ್ಕಿದ್ದು ಒಂದು ತಾಮ್ರದ ವಾಷರು. ಒಮ್ಮೆ ಬಿಗಿದು ಚಪ್ಪಟೆಯಾದ ವಾಷರನ್ನು ಮತ್ತೆ ಹಾಕಬಾರದು ಎನ್ನುವುದು ಗೊತ್ತಿದ್ದೂ, “ಇದೇ ಚೆನ್ನಾಗಿದೆಯಲ್ಲ, ಹೊಸದೇಕೆ” ಎಂದು ಉಳಿತಾಯ ಮಾಡಿಸಿದವನು ಅಲ್ಲೇ ನಿಂತಿದ್ದ. ಮೇಸ್ತ್ರಿ ಅವನನ್ನು ಬೈಯಲಿಲ್ಲ. ಅಜ್ಜಿಯ ಹಾಗೆ ಸುಮ್ಮನೆ ಅಂಗಡಿಯ ಕಡೆ ನಡೆದರು. ಹೊಸ ವಾಷರಿನ ಬೆಲೆ ಹತ್ತು ರೂಪಾಯಿ.

ಈಗ ಗಾಡಿ ಆರೋಗ್ಯವಾಗಿದೆ. ಚಿರತೆಯಲ್ಲ, ಲೋಡು ಹೊತ್ತ ಒಳ್ಳೆಯ ಎತ್ತು. ಬ್ಯಾರಲ್ಲು ಕೊಟ್ಟಿಗೆಯೊಳಗೆ ಅಡ್ಡ ಮಲಗಿದೆ, ಟ್ಯಾಂಕು ಸಂಜೆಯೇ ತುಂಬುತ್ತದೆ, ಮೂಲ ಫಿಲ್ಟರು ಕೈಪಿಡಿ ಹೇಳಿದ ಕಿಲೋಮೀಟರಿಗಿಂತ ಸ್ವಲ್ಪ ಮೊದಲೇ ಬದಲಾಗುತ್ತದೆ. ಕೈಪಿಡಿ ಟೀವಿಯ ಕೆಳಗಿನಿಂದ ಹೊರಬಂದು, ಆ ಜಾಗಕ್ಕೆ ನನ್ನದೇ ಹಳೆಯ ಪ್ರಬಂಧ ಸಂಕಲನವೊಂದು ಹೋಗಿದೆ, ದಪ್ಪ ಸರಿಹೊಂದಿತು. ತಿಂಗಳಿಗೊಮ್ಮೆ, ಕೈ ತೊಳೆದುಕೊಂಡು, ಬಟ್ಟಲಿನ ಕೆಳಗಿನ ಸ್ಕ್ರೂ ಬಿಚ್ಚಿ ನೀರು ಬಸಿಯುತ್ತೇನೆ. ಮಳೆಗಾಲದಲ್ಲಿ ಎರಡು ಚಮಚ ಬರುತ್ತದೆ, ಬೇಸಿಗೆಯಲ್ಲಿ ಏನೂ ಇಲ್ಲ.

ನಿಮ್ಮ ಡೀಸೆಲ್ ಗಾಡಿಯ ಫಿಲ್ಟರಿಗೂ ತಳದಲ್ಲಿ ಅಂಥದೊಂದು ಸ್ಕ್ರೂ ಇದ್ದೀತು, ನೋಡಿ. ಎಂಜಿನ್ ಆರಿಸಿ, ಅರ್ಧ ಸುತ್ತು ತಿರುಗಿಸಿದರೆ ಸಾಕು. ಕೆಳಗೆ ಬಾಟಲಿ ಹಿಡಿಯುವುದನ್ನು ಮರೆಯಬೇಡಿ. ನಾನು ಮೊದಲ ಸಲ ಹಿಡಿದಿರಲಿಲ್ಲ, ಆ ಪಂಚೆ ಈಗ ಗ್ಯಾರೇಜಿನಲ್ಲಿದೆ.